ಓಡುವವರಿಗೆ ಎದುರುಗಾಳಿ, ಅಟ್ಟುವವರಿಗೆ ಬೆನ್ನುಗಾಳಿ

(ಕಾಸರಗೋಡಿನಲ್ಲಿ ಕಾಲೇಜು ವಿದ್ಯಾರ್ಥಿಗಳ ಎದುರು ಆಡಿದ ಮಾತುಗಳ ಬರಹ ರೂಪ. ಕೊನೆಯ ಪ್ರಶ್ನೋತ್ತರದಲ್ಲಿ ಕೆಲವನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತು ಒಂದೇ ಒಂದು ಪ್ರಶ್ನೆ ಹಿಡಿದುಕೊಂಡು ಬಂದಿದ್ದೇನೆ. ಕಡಲ್ಗಳ್ಳರ ಕಂಪ್ಯೂಟರ್ ಆಟ ಒಂದಿದೆ ಅಂದುಕೊಳ್ಳಿ. ಹತ್ತಾರು ಜನ ಒಂದೇ ಕಡಲಿನಲ್ಲಿ, ಒಂದೇ ಹೊತ್ತಿಗೆ ಆಡುತ್ತಾರೆ. ಇಬ್ಬರು ನಡೆಸುವ ಸಣ್ಣ ಹಡಗು ಇದೆ. ಐವರು ನಡೆಸುವ ದೊಡ್ಡ ಹಡಗೂ ಇದೆ. ಸಣ್ಣದರಲ್ಲಿ ನಿಧಿಯ ಪೆಟ್ಟಿಗೆ. ದೊಡ್ಡದು ಅದನ್ನು ನೋಡಿಬಿಟ್ಟಿದೆ. ಈಗ ಯಾವ ಹಡಗು ಎಷ್ಟು ಜೋರಾಗಿ ಓಡಬೇಕು?

ಆಟ ಮಾಡುವವರ ತಲೆ ತಿನ್ನುವ ಪ್ರಶ್ನೆ ಇದು. ಚಿತ್ರ ಚೆನ್ನಾಗಿರಲಿ, ಅಲೆ ಚೆನ್ನಾಗಿರಲಿ, ಸಂಗೀತ ಚೆನ್ನಾಗಿರಲಿ, ವೇಗದ ಲೆಕ್ಕ ತಪ್ಪಿದರೆ ಜನ ಒಂದು ವಾರದಲ್ಲಿ ಆಟ ಬಿಟ್ಟು ಹೋಗುತ್ತಾರೆ. ನಾನು ಮತ್ತು ನನ್ನ ಗೆಳೆಯರು ಇಂಥದೊಂದು ಆಟ ಕಟ್ಟುತ್ತಿದ್ದೇವೆ. ನಮ್ಮ ಕೆಲಸದಲ್ಲಿ ಅತಿ ಹೆಚ್ಚು ಜಗಳ ಆಗಿದ್ದು ಈ ವೇಗದ ಮೇಲೆಯೇ.

ಮೊದಲು ಹೊಳೆಯುವ ಉತ್ತರ, ಎಲ್ಲ ಹಡಗಿಗೂ ಒಂದೇ ವೇಗ ಕೊಟ್ಟುಬಿಡೋಣ ಅನ್ನುವುದು. ನ್ಯಾಯ ಅಲ್ವಾ? ಆದರೆ ಮಾಡಿ ನೋಡಿ. ಮುಂದಿನ ಹಡಗು 600 ಮೀಟರ್ ದೂರದಲ್ಲಿ ಹೊರಟರೆ ಅರ್ಧ ಗಂಟೆ ಆದ ಮೇಲೂ 600 ಮೀಟರ್ ದೂರದಲ್ಲೇ ಇರುತ್ತದೆ. ಇಬ್ಬರೂ ಚುಕ್ಕಾಣಿ ಹಿಡಿದು ಸುಮ್ನೆ ನಿಂತಿರುತ್ತಾರೆ. ಎರಡನೆಯ ಉತ್ತರ, ಸಣ್ಣದು ಜೋರು, ದೊಡ್ಡದು ನಿಧಾನ ಆದರೆ ಫಿರಂಗಿ ಜಾಸ್ತಿ. ಇದೂ ನಿಲ್ಲುವುದಿಲ್ಲ. ಎಲ್ಲ ದಿಕ್ಕಿನಲ್ಲೂ ನಿಧಾನವಾದ ಹಡಗಿನಲ್ಲಿ ಎಷ್ಟು ಫಿರಂಗಿ ಇದ್ದರೇನು? ಯಾರೂ ಅದರ ಗುಂಡು ತಾಗುವಷ್ಟು ಹತ್ತಿರ ಬರುವುದೇ ಇಲ್ಲ.

ಕಂಬಳದಲ್ಲಿ ಈ ತೊಂದರೆ ಇಲ್ಲ, ಗಮನಿಸಿದ್ದೀರಾ? ಪೈವಳಿಕೆಯ ಕಂಬಳಕ್ಕೆ ಹೋದವರಿಗೆ ಗೊತ್ತು. ನೇಗಿಲು ಕಿರಿಯ ವಿಭಾಗದ ಕೋಣಗಳನ್ನು ಹಗ್ಗ ಹಿರಿಯ ವಿಭಾಗದ ಕೋಣಗಳ ಜೊತೆ ಓಡಿಸುವುದಿಲ್ಲ. ಸರಿಜೋಡಿ ಸರಿಜೋಡಿಯ ಜೊತೆಗೇ ಓಡುತ್ತದೆ. ತೆರೆದ ಕಡಲಿನ ಆಟದಲ್ಲಿ ಆ ಅನುಕೂಲ ಇಲ್ಲ. ಯಾರು ಯಾರಿಗೆ ಎದುರಾಗುತ್ತಾರೋ ಹೇಳುವಂತಿಲ್ಲ. ಇಬ್ಬರ ಹಡಗು ಐವರ ಹಡಗಿಗೆ ಎದುರಾದಾಗಲೂ ಎರಡೂ ಕಡೆಯವರಿಗೆ ಆಡಿದ ತೃಪ್ತಿ ಸಿಗಬೇಕು. ಎರಡೂ ಕಡೆಯವರು ಗೆಲ್ಲಬೇಕು ಅಂತಲ್ಲ. ಎರಡೂ ಕಡೆಯವರ ಕೈಯಲ್ಲಿ ಏನಾದರೂ ಮಾಡಲು ಇರಬೇಕು.

ಇದಕ್ಕೆ ದಾರಿ ಗಾಳಿಯಲ್ಲಿದೆ.

ಹಾಯಿ ಹಡಗಿಗೆ ಒಂದೇ ವೇಗ ಅಂತ ಇರುವುದಿಲ್ಲ. ಗಾಳಿ ಎಲ್ಲಿಂದ ಬೀಸುತ್ತಿದೆ, ಹಡಗಿನ ಮೂತಿ ಎತ್ತ ಇದೆ, ಈ ಎರಡರ ನಡುವಿನ ಕೋನದ ಮೇಲೆ ವೇಗ ನಿಂತಿದೆ. ಬೆನ್ನುಗಾಳಿಗೆ ಒಂದು ವೇಗ, ಅಡ್ಡಗಾಳಿಗೆ ಇನ್ನೊಂದು, ಎದುರುಗಾಳಿಗೆ ಮತ್ತೊಂದು. ಹಾಗಾಗಿ ಪ್ರತಿ ಹಡಗಿಗೂ ಒಂದು ಸಂಖ್ಯೆ ಕೊಡುವ ಬದಲು ಒಂದು ಸುತ್ತು ಗೆರೆ ಕೊಡಬಹುದು. ಎಲ್ಲ ಕೋನಕ್ಕೂ ಒಂದೊಂದು ವೇಗ. ಯಾವ ಹಡಗು ಎಲ್ಲಿ ಮೇಲು, ಎಲ್ಲಿ ಕೆಳಗು ಅನ್ನುವುದನ್ನು ಆ ಗೆರೆಯಲ್ಲೇ ಹಂಚಬಹುದು.

2018ರ ಮಾರ್ಚ್‌ನಲ್ಲಿ ಬಂದ ಸೀ ಆಫ್ ಥೀವ್ಸ್ ಆಟ ಇದನ್ನೇ ಮಾಡಿತು. ಮೊದಲು ಅದರಲ್ಲಿ ಎರಡೇ ಬಗೆಯ ಹಡಗು. ಸಣ್ಣದು ಸ್ಲೂಪ್, ದೊಡ್ಡದು ಗ್ಯಾಲಿಯನ್. ಬೆನ್ನುಗಾಳಿಗೆ ಗ್ಯಾಲಿಯನ್ ಮುಂದೆ, ಎದುರುಗಾಳಿಗೆ ಸ್ಲೂಪ್ ಮುಂದೆ. ಅದೇ ವರ್ಷದ ಜುಲೈ ಕೊನೆಗೆ ಮೂವರು ನಡೆಸುವ ಬ್ರಿಗಂಟೀನ್ ಬಂತು. ಮೂರನೆಯ ಹಡಗು ಬಂದರೆ ಒಂದು ಜೋಡಿಯ ಲೆಕ್ಕ ಇದ್ದದ್ದು ಮೂರು ಜೋಡಿಯ ಲೆಕ್ಕ ಆಗುತ್ತದೆ. ನಾಲ್ಕನೆಯದು ಬಂದರೆ ಆರು ಜೋಡಿ. ಹೊಸ ಹಡಗು ಸೇರಿಸಿ ಅಂತ ಆಡುವವರು ಕೇಳುತ್ತಲೇ ಇರುತ್ತಾರೆ, ಮಾಡುವವರು ಹಿಂದೆಮುಂದೆ ನೋಡುತ್ತಲೇ ಇರುತ್ತಾರೆ. ಕಾರಣ ಈ ಜೋಡಿಗಳು.

ನಮ್ಮ ಆಟದಲ್ಲಿ ಮೂರು ಹಡಗು. ಹೆಸರುಗಳನ್ನು ನಮ್ಮ ಕರಾವಳಿಯಿಂದಲೇ ತೆಗೆದುಕೊಂಡೆವು. ಸಣ್ಣದು ಮಚ್ವೆ, ನಡುವಿನದು ಪತ್ತೆಮಾರಿ, ದೊಡ್ಡದು ಗುರಾಬು. ಮಚ್ವೆ, ಪತ್ತೆಮಾರಿಗಳಿಗೆ ಮೂರು ಮೂಲೆಯ ಹಾಯಿ. ಗುರಾಬಿಗೆ ಅಡ್ಡಮರಕ್ಕೆ ಕಟ್ಟಿದ ಚೌಕ ಹಾಯಿ.

ಈ ಹಾಯಿಯ ಆಕಾರ ಬರೀ ಅಂದಕ್ಕಲ್ಲ. ಯಾವ ಹಾಯಿ ಹಡಗೂ ಗಾಳಿಗೆ ನೇರ ಎದುರಾಗಿ ಹೋಗಲಾರದು. ಓರೆಯಾಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೊರಳುತ್ತಾ ಮೇಲೇರಬೇಕು. ಉದ್ದುದ್ದಕ್ಕೆ ಕಟ್ಟಿದ ಮೂರು ಮೂಲೆಯ ಹಾಯಿ ಗಾಳಿಯ ದಿಕ್ಕಿಗೆ ಸುಮಾರು 45 ಡಿಗ್ರಿಯ ತನಕ ಹತ್ತಿರ ಹೋಗಬಲ್ಲದು. ಚೌಕ ಹಾಯಿಯ ಹಳೆಯ ಹಡಗಿಗೆ ಅದು ಸುಮಾರು 67 ಡಿಗ್ರಿ. ಎರಡೂ ಹಡಗು ನೀರಿನ ಮೇಲೆ 6 ನಾಟ್ ವೇಗದಲ್ಲಿ ಓಡುತ್ತಿವೆ ಅನ್ನಿ. ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್. ಗಾಳಿ ಬರುವ ಕಡೆಗೆ ನಿಜವಾಗಿ ಎಷ್ಟು ಸಾಗುತ್ತವೆ? ಮೊದಲನೆಯದು 4.2 ನಾಟ್, ಎರಡನೆಯದು 2.3 ನಾಟ್. ಎರಡರ ವೇಗವೂ ಒಂದೇ! ಆದರೂ ಒಂದು ಗಂಟೆಯಲ್ಲಿ ಸಣ್ಣದು ಮೂರೂವರೆ ಕಿಲೋಮೀಟರ್ ಮುಂದೆ. ಹೈಸ್ಕೂಲಿನ ಕೊಸೈನ್ ಇಷ್ಟೆಲ್ಲ ಮಾಡುತ್ತದೆ.

ಹೆಚ್ಚಿನ ಆಟಗಳು ಈ ಹೊರಳಾಟ ಬಿಟ್ಟುಬಿಡುತ್ತವೆ. ಗಾಳಿಗೆ ನೇರ ಎದುರಾಗಿಯೂ ಹಡಗು ಹೋಗುತ್ತದೆ, ನಿಧಾನ ಅಷ್ಟೇ. ಸೀ ಆಫ್ ಥೀವ್ಸ್ ಕೂಡ ಹಾಗೇ. ಹೊಸಬರಿಗೆ ಅದು ಸುಲಭ. ನಾವು ಹೊರಳಾಟ ಇಟ್ಟುಕೊಂಡೆವು. ನನ್ನ ಮಟ್ಟಿಗೆ ಹಾಯಿ ಹಡಗಿನ ಆಟದ ಜೀವವೇ ಅದು. ಎಡದಿಂದ ಬಲಕ್ಕೆ ಹೊರಳುವ ಆ ನಾಲ್ಕು ಸೆಕೆಂಡಿನಲ್ಲಿ ಹಾಯಿ ಪಟಪಟ ಬಡಿದು, ವೇಗ ಬಿದ್ದು, ಮತ್ತೆ ಗಾಳಿ ತುಂಬಿಕೊಂಡು ಎಳೆಯುತ್ತದೆ. ಪಳಗಿದ ಕೈಗೂ ಹೊಸ ಕೈಗೂ ವ್ಯತ್ಯಾಸ ಅಲ್ಲೇ ಕಾಣುತ್ತದೆ. ವೇಗ ಹಡಗಿನದು ಮಾತ್ರ ಆಗಿರಬಾರದು, ನಡೆಸುವವರದ್ದೂ ಆಗಿರಬೇಕು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ಸಮತೋಲನ ಮಾಡುವವರು ಸಾಮಾನ್ಯವಾಗಿ ಒಂದು ಕೋಷ್ಟಕ ಬರೆಯುತ್ತಾರೆ. ಎಲ್ಲ ಕೋನದ ವೇಗ ಕೂಡಿಸಿ, ಸರಾಸರಿ ತೆಗೆದು, ಮೂರೂ ಹಡಗಿನ ಸರಾಸರಿ ಒಂದೇ ಬಂದರೆ ಸರಿಯಾಯಿತು ಅನ್ನುತ್ತಾರೆ. ಕಾಗದದ ಮೇಲೆ ಬಹಳ ಚೆನ್ನಾಗಿ ಕಾಣುತ್ತದೆ. ಕಡಲಿನಲ್ಲಿ ನಡೆಯುವುದಿಲ್ಲ. ಯಾಕೆ? ಆಡುವವರು ಎಲ್ಲ ದಿಕ್ಕಿಗೂ ಸಮನಾಗಿ ಹೋಗುವುದಿಲ್ಲ. ಅಟ್ಟಾಟದಲ್ಲಿ ದಿಕ್ಕು ಆರಿಸುವವರು ಯಾರು? ಓಡುವವರು. ಅಟ್ಟುವವರು ಅವರು ಹೋದ ಕಡೆ ಹೋಗಲೇಬೇಕು. ಹಾಗಿರುವಾಗ ಸಣ್ಣ ಹಡಗಿನವರು ಬೆನ್ನುಗಾಳಿಗೆ ಯಾಕೆ ಓಡುತ್ತಾರೆ? ಚೂರು ಬುದ್ಧಿ ಇದ್ದರೆ ಎದುರುಗಾಳಿಗೆ ಮೂತಿ ತಿರುಗಿಸುತ್ತಾರೆ. ಅಲ್ಲಿ ಅವರೇ ಮೇಲು. ಹಾಗಾಗಿ ಬೆನ್ನುಗಾಳಿಯಲ್ಲಿ ದೊಡ್ಡ ಹಡಗಿಗೆ ಕೊಟ್ಟ ಹೆಚ್ಚುವರಿ ವೇಗ ಕೋಷ್ಟಕದಲ್ಲಿ ಮಾತ್ರ ಉಳಿಯುತ್ತದೆ. ಎದುರುಗಾಳಿಯ ಒಂದು ಪಾಲು ವೇಗ ಬೆನ್ನುಗಾಳಿಯ ಒಂದು ಪಾಲಿಗೆ ಸಮ ಅಲ್ಲ. ಅದಕ್ಕೆ ಬೆಲೆ ಜಾಸ್ತಿ.

ಇದನ್ನು ಸರಿಮಾಡಲು ಸಣ್ಣ ಹಡಗಿನ ಎದುರುಗಾಳಿ ವೇಗ ಕಡಿಮೆ ಮಾಡೋಣ ಅನ್ನಿಸುತ್ತದೆ. ಅದು ತಪ್ಪು ದಾರಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಇಬ್ಬರು ಐವರಿಂದ ತಪ್ಪಿಸಿಕೊಳ್ಳಲು ಇರುವ ಒಂದೇ ಬಾಗಿಲನ್ನು ಮುಚ್ಚಿದಂತೆ ಅದು. ಬಾಗಿಲು ಇರಲಿ. ಆದರೆ ಓಡಿ ಓಡಿ ಹೋಗುವುದೆಲ್ಲಿಗೆ ಅನ್ನುವ ಪ್ರಶ್ನೆಯೂ ಇರಲಿ. ಅವರ ಹತ್ತಿರ ನಿಧಿ ಇದೆ. ನಿಧಿಗೆ ಬೆಲೆ ಬರುವುದು ಬಂದರಿಗೆ ಮುಟ್ಟಿಸಿದಾಗ. ಬಂದರು ಗಾಳಿ ಬರುವ ಕಡೆಗೇ ಇರಬೇಕೆಂದಿಲ್ಲ. ಅಲ್ಲದೆ ಗಾಳಿಯೂ ನಿಧಾನಕ್ಕೆ ತಿರುಗುತ್ತಿರುತ್ತದೆ. ಇವತ್ತು ಎದುರುಗಾಳಿಗೆ ಓಡಿ ಗೆದ್ದವರು ಸ್ವಲ್ಪ ಹೊತ್ತಿನಲ್ಲಿ ಬೆನ್ನುಗಾಳಿಗೆ ಬಂದರಿನ ಕಡೆ ತಿರುಗಲೇಬೇಕು. ಅಲ್ಲಿ ಗುರಾಬು ಕಾದಿರುತ್ತದೆ. ವೇಗದ ಗೆರೆ ಮುಟ್ಟದೆ, ಬಂದರುಗಳ ಜಾಗ ಬದಲಿಸಿ ಅಟ್ಟಾಟ ಸರಿಮಾಡಬಹುದು. ನಕ್ಷೆ ಬಿಡಿಸುವವರು ಮತ್ತು ವೇಗದ ಲೆಕ್ಕ ಹಾಕುವವರು ಒಂದೇ ಕೋಣೆಯಲ್ಲಿ ಕೂರಬೇಕು ಅಂತ ನಾನು ಹಟ ಹಿಡಿದದ್ದು ಇದಕ್ಕೇ.

ಇನ್ನೊಂದು ಲೆಕ್ಕ ಇದೆ. ಇದನ್ನು ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ, ಯಾಕೆಂದರೆ ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ.

ಅಟ್ಟುವ ಹಡಗಿನ ವೇಗ ಸೆಕೆಂಡಿಗೆ 10 ಮೀಟರ್. ಓಡುವ ಹಡಗಿನದು 9.5. ನಡುವಿನ ದೂರ 600 ಮೀಟರ್. ಎಷ್ಟು ಹೊತ್ತಿಗೆ ಸಿಗುತ್ತದೆ? ವ್ಯತ್ಯಾಸ ಅರ್ಧ ಮೀಟರ್. 600 ಭಾಗಿಸು ಅರ್ಧ, 1200 ಸೆಕೆಂಡ್. ಅಂದರೆ 20 ನಿಮಿಷ. ಸ್ವಲ್ಪ ಉದ್ದವೇ ಆಯಿತು. ಈಗ ಸಣ್ಣ ಹಡಗಿನವರು ಗಲಾಟೆ ಮಾಡಿದರು, ನಮಗೆ ವೇಗ ಸಾಲದು ಅಂತ. ನಾವು ಪಾಪ ಅಂತ ಬರೀ 3 ಶೇಕಡಾ ಹೆಚ್ಚಿಸಿದೆವು ಅನ್ನಿ. 9.5 ಇದ್ದದ್ದು 9.785 ಆಯಿತು. ಕಣ್ಣಿಗೆ ಗೊತ್ತೇ ಆಗದಷ್ಟು. ವ್ಯತ್ಯಾಸ ಎಷ್ಟಕ್ಕಿಳಿಯಿತು? 0.215. ಈಗ 600 ಭಾಗಿಸಿ ನೋಡಿ. ಸುಮಾರು 2790 ಸೆಕೆಂಡ್. 46 ನಿಮಿಷ!

ಮೂರು ಶೇಕಡಾ ಬದಲಾವಣೆಗೆ ಅಟ್ಟಾಟದ ಹೊತ್ತು ಎರಡು ಪಟ್ಟಿಗಿಂತ ಜಾಸ್ತಿ ಆಯಿತು. ಆಡುವವರಿಗೆ ತಾಗುವುದು ವೇಗ ಅಲ್ಲ, ವೇಗಗಳ ನಡುವಿನ ಅಂತರ. ಅದೂ ಅಲ್ಲ, ಆ ಅಂತರದಿಂದ ಹುಟ್ಟುವ ಹೊತ್ತು. ಹಾಗಾಗಿ ನಾವು ತಿರುಗುಮುರುಗಾಗಿ ಕೆಲಸ ಮಾಡುತ್ತೇವೆ. ಮೊದಲು ಹೊತ್ತನ್ನು ಗೊತ್ತುಮಾಡುತ್ತೇವೆ. ಮಾಮೂಲಿ ಅಟ್ಟಾಟ ಐದರಿಂದ ಎಂಟು ನಿಮಿಷ ಇರಲಿ ಅಂತ. ಅದಕ್ಕಿಂತ ಕಡಿಮೆಯಾದರೆ ಓಡುವವರಿಗೆ ಯೋಚಿಸಲು ಸಮಯ ಇಲ್ಲ. ಜಾಸ್ತಿಯಾದರೆ ಇಬ್ಬರಿಗೂ ಬೇಜಾರು. ಆಮೇಲೆ ಕಣ್ಣಿಗೆ ಬೀಳುವ ದೂರ ಎಷ್ಟು, ದ್ವೀಪ ದ್ವೀಪದ ನಡುವೆ ಎಷ್ಟು ಅಂತ ನೋಡುತ್ತೇವೆ. ಅದರಿಂದ ಅಂತರ ಬರುತ್ತದೆ. ವೇಗ ಕೊನೆಗೆ.

ನಿಜವಾದ ಹಡಗಿನ ವೇಗವನ್ನೇ ಯಾಕೆ ಇಡಬಾರದು ಅಂತ ಕೇಳಬಹುದು. ಸಣ್ಣ ಕಾರಣ. 5 ನಾಟ್ ವೇಗದ ಹಾಯಿ ಹಡಗು ಕಾಸರಗೋಡಿನಿಂದ ಸುಮಾರು 50 ಕಿಲೋಮೀಟರ್ ದೂರದ ಮಂಗಳೂರಿಗೆ ಹೋಗಲು ಐದು ಗಂಟೆ ಮೀರುತ್ತದೆ, ಅದೂ ಗಾಳಿ ಕೈಕೊಡದಿದ್ದರೆ. ಸಂಜೆ ಒಂದು ಗಂಟೆ ಆಡಲು ಕೂತವರಿಗೆ ಇದು ಆಗುವ ಮಾತಲ್ಲ. ವೇಗವನ್ನು ಹಿಗ್ಗಿಸುತ್ತೇವೆ, ಒಂದಕ್ಕೊಂದರ ಪ್ರಮಾಣ ಮಾತ್ರ ನಿಜಕ್ಕೆ ಹತ್ತಿರ ಇಡುತ್ತೇವೆ. ಆ ಪ್ರಮಾಣಕ್ಕೂ ಒಂದು ಹಳೆಯ ಸೂತ್ರ ಇದೆ. ನೀರಿನ ಮಟ್ಟದಲ್ಲಿ ಹಡಗಿನ ಉದ್ದ ಎಷ್ಟು ಅಡಿಯೋ ಅದರ ವರ್ಗಮೂಲವನ್ನು 1.34ರಿಂದ ಗುಣಿಸಿ. ಅದು ಅಂಥ ಹಡಗಿನ ಸುಮಾರು ಮೇಲ್ಮಿತಿ, ನಾಟ್ ಲೆಕ್ಕದಲ್ಲಿ. 25 ಅಡಿಗೆ 6.7. ನೂರು ಅಡಿಗೆ 13.4. ಉದ್ದ ನಾಲ್ಕು ಪಟ್ಟಾದರೆ ಮಿತಿ ಎರಡು ಪಟ್ಟು. ಜೋರು ಗಾಳಿಯಲ್ಲಿ ಉದ್ದ ಹಡಗು ಯಾಕೆ ಮುಂದೆ ಹೋಗುತ್ತದೆ ಅನ್ನುವುದಕ್ಕೆ ಇದು ಉತ್ತರ. ಗಾಳಿ ತೆಳುವಾಗಿದ್ದಾಗ ಯಾವ ಹಡಗೂ ಆ ಮಿತಿ ಮುಟ್ಟುವುದೇ ಇಲ್ಲ. ಆಗ ಹಗುರ ಇದ್ದದ್ದು ಬೇಗ ಎದ್ದು ಓಡುತ್ತದೆ. ಹಾಗಾಗಿ ನಮ್ಮ ಆಟದಲ್ಲಿ ಗಾಳಿಗೆ ದಿಕ್ಕಿನ ಜೊತೆ ಬಲವೂ ಇದೆ. ಬಿರುಸು ಗಾಳಿಯ ದಿನ ಗುರಾಬಿನವರಿಗೆ ಹಬ್ಬ. ತೆಳು ಗಾಳಿಯ ದಿನ ಮಚ್ವೆಯವರಿಗೆ.

ಈ ಕಡಲಿಗೆ ಕಡಲ್ಗಳ್ಳರ ಕಥೆ ಹೊಸತೇನಲ್ಲ. ಮೊದಲನೆಯ ಶತಮಾನದಲ್ಲೇ ರೋಮಿನ ಪ್ಲಿನಿ ಈ ಕರಾವಳಿಯ ನಿತ್ರಿಯಸ್ ಎಂಬ ಜಾಗದ ಕಡಲ್ಗಳ್ಳರ ಭಯದ ಬಗ್ಗೆ ಬರೆದಿದ್ದಾನೆ. ಅದನ್ನು ನೇತ್ರಾವತಿಯ ಜೊತೆ ಜೋಡಿಸುವ ವಿದ್ವಾಂಸರಿದ್ದಾರೆ. ಆದರೆ ವೇಗದ ಪಾಠ ಕಲಿಯಲು ನಾನು ಹೋಗುವುದು ಆಂಗ್ರೆಗಳ ಹತ್ತಿರ. ಕೊಂಕಣ ಕರಾವಳಿಯ ಕಾನ್ಹೋಜಿ ಆಂಗ್ರೆ, 1729ರಲ್ಲಿ ತೀರಿಕೊಂಡವನು. ಇಂಗ್ಲಿಷರು ಅವನನ್ನು ಕಡಲ್ಗಳ್ಳ ಅಂದರು. ಮರಾಠರಿಗೆ ಅವನು ಸರಖೇಲ, ಅಂದರೆ ನೌಕಾಪಡೆಯ ಮುಖ್ಯಸ್ಥ. ಪೋರ್ಚುಗೀಸರು ಕುಂಞಾಲಿ ಮರಕ್ಕಾರರನ್ನು ಕರೆದದ್ದೂ ಹಾಗೇ, ಅವರು ಕೋಳಿಕೋಡಿನ ಅರಸ ಸಾಮೂದಿರಿಯ ನೌಕಾಪತಿಗಳಾಗಿದ್ದರೂ. ಆಟದಲ್ಲಿ ನಾವು ಕಡಲ್ಗಳ್ಳರು ಅನ್ನುವಾಗ ಇದನ್ನು ನೆನಪಿಟ್ಟುಕೊಳ್ಳಬೇಕು ಅಂತ ನನಗೆ ತುಂಬಾ ಅನ್ನಿಸುತ್ತದೆ.

ಆಂಗ್ರೆ ಪಡೆಯಲ್ಲಿ ಎರಡು ಬಗೆಯ ಹಡಗು. ಅಗಲವಾದ, ಆದರೆ ನೀರಿನಲ್ಲಿ ಹೆಚ್ಚು ಆಳ ಇಳಿಯದ ಗುರಾಬು. ಅದರ ಜೊತೆಗೆ ಸಣ್ಣ ಗಲ್ಬತ್. ಗಲ್ಬತ್‌ಗೆ ದೊಡ್ಡದೊಂದು ಮೂರು ಮೂಲೆಯ ಹಾಯಿ, ಜೊತೆಗೆ ನಲವತ್ತು ಐವತ್ತು ಹುಟ್ಟು. ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಯ ಭಾರದ ಹಡಗು ಕಣ್ಣಿಗೆ ಬಿದ್ದ ಕೂಡಲೇ ಹೊರಡುತ್ತಿದ್ದರು. ಗಾಳಿ ಇದ್ದರೆ ಹಾಯಿ. ಗಾಳಿ ನಿಂತರೆ ಗಲ್ಬತ್‌ಗಳು ಹುಟ್ಟು ಹಾಕಿ ಗುರಾಬುಗಳನ್ನು ಎಳೆದುಕೊಂಡು ಹೋಗುತ್ತಿದ್ದವು! ಕಂಪನಿ ಹಡಗು ಗಾಳಿ ಇಲ್ಲದೆ ನಿಂತಲ್ಲೇ ನಿಂತಿರುತ್ತಿತ್ತು. ಇವರು ಅದರ ಹಿಂಭಾಗಕ್ಕೆ ಬರುತ್ತಿದ್ದರು, ಅಲ್ಲಿ ಅದರ ಫಿರಂಗಿ ಕಡಿಮೆ. ಮೊದಲ ಗುಂಡುಗಳ ಗುರಿ ಹಾಯಿಕಂಬಗಳು. 1735ರಲ್ಲಿ ಡರ್ಬಿ ಎಂಬ ಕಂಪನಿಯ ದೊಡ್ಡ ಹಡಗು ಕಾನ್ಹೋಜಿಯ ಮಗ ಸಂಭಾಜಿ ಆಂಗ್ರೆಯ ಪಡೆಗೆ ಸಿಕ್ಕಿಬಿದ್ದಿತು.

ಇದರಲ್ಲಿ ಎಷ್ಟು ವಿಷಯ ಇದೆ ನೋಡಿ. ಒಂದೇ ಹಡಗಿಗೆ ಎಲ್ಲ ಶಕ್ತಿ ಕೊಟ್ಟಿಲ್ಲ, ಇಬ್ಬರು ಸೇರಿದರೆ ಮೂರನೆಯ ಶಕ್ತಿ ಹುಟ್ಟುತ್ತದೆ. ಗಾಳಿ ಇಲ್ಲದ ಹೊತ್ತು ಕೂಡ ಆಟದ ಒಂದು ಭಾಗ. ಮತ್ತೆ, ಹಡಗು ಮುಳುಗಿಸುವ ಮೊದಲು ಅದರ ವೇಗ ಕೊಲ್ಲಬೇಕು.

ಆದರೆ ಹಾಯಿಕಂಬಕ್ಕೆ ಹೊಡೆಯುವುದನ್ನು ಆಟದಲ್ಲಿ ಜೋಪಾನವಾಗಿ ಇಡಬೇಕು. ಗುಂಡು ತಾಗಿದ ಹಡಗು ನಿಧಾನ ಆಗುತ್ತದೆ. ನಿಧಾನ ಆದದ್ದಕ್ಕೆ ಇನ್ನಷ್ಟು ಗುಂಡು ತಾಗುತ್ತದೆ. ಬಿದ್ದವರ ಮೇಲೆ ಇನ್ನೊಂದು ಕಲ್ಲು. ಮೊದಲ ಗುಂಡಿಗೇ ಆಟ ಮುಗಿದರೆ ಉಳಿದದ್ದೆಲ್ಲ ಬರೀ ಕಾಯುವುದು. ಅದಕ್ಕೆ ಕಂಬ ಮುರಿದರೂ ಹಡಗು ಪೂರ್ತಿ ನಿಲ್ಲುವುದಿಲ್ಲ, ಅರ್ಧ ವೇಗ ಉಳಿಯುತ್ತದೆ. ಇಬ್ಬರು ಕೈ ಹಚ್ಚಿದರೆ ಅರ್ಧ ನಿಮಿಷದಲ್ಲಿ ಕಂಬ ಎದ್ದು ನಿಲ್ಲುತ್ತದೆ. ಆ ಅರ್ಧ ನಿಮಿಷ ಚುಕ್ಕಾಣಿ ಯಾರ ಕೈಯಲ್ಲಿ ಅನ್ನುವುದೇ ಪ್ರಶ್ನೆ.

ನಮ್ಮ ಪರೀಕ್ಷೆಯ ಆಟವೊಂದನ್ನು ಹೇಳುತ್ತೇನೆ. ಮಚ್ವೆಯಲ್ಲಿ ಇಬ್ಬರು ಅಣ್ಣತಂಗಿ. ಗುರಾಬಿನಲ್ಲಿ ಐದು ಜನ. ಗಾಳಿ ಪಡುವಣದಿಂದ. ಮಚ್ವೆ ಬಂದರಿನ ಕಡೆ, ಅಂದರೆ ಮೂಡಣಕ್ಕೆ ಹೊರಟಿದೆ. ಬೆನ್ನುಗಾಳಿ. ಗುರಾಬು ಹಿಂದಿನಿಂದ ದಾಪುಗಾಲು ಹಾಕುತ್ತಾ ಬರುತ್ತಿದೆ. ತಂಗಿ ಹಿಂದೆ ನಿಂತು ದೂರ ಹೇಳುತ್ತಿದ್ದಾಳೆ. ಐನೂರು, ನಾನೂರು. ಬಂದರು ಮುಟ್ಟುವ ಮೊದಲೇ ಸಿಗುವುದು ಖಚಿತ. ಅಣ್ಣ ಮೂತಿಯನ್ನು ಬಡಗಣಕ್ಕೆ ತಿರುಗಿಸಿದ. ಅಲ್ಲೊಂದು ಗುಡ್ಡದ ದ್ವೀಪ. ಅದರ ಮೂಡಣ ಬದಿಯಲ್ಲಿ ಗಾಳಿಗೆ ಮರೆ. ನಮ್ಮ ಆಟದಲ್ಲಿ ಗುಡ್ಡಕ್ಕೆ ಗಾಳಿ ನೆರಳು ಇದೆ, ಅದರೊಳಗೆ ಹೊಕ್ಕರೆ ಹಾಯಿ ಜೋಲು ಬೀಳುತ್ತದೆ. ಅಣ್ಣ ಆ ನೆರಳಿನ ಅಂಚಿನಲ್ಲೇ ದ್ವೀಪ ಸುತ್ತಿದ. ಮಚ್ವೆ ಹಗುರ, ಇದ್ದ ಓಟದಲ್ಲೇ ಜಾರಿ ಆಚೆ ಬಂತು. ಗುರಾಬಿನ ಚುಕ್ಕಾಣಿಯವರು ದಾರಿ ಹತ್ತಿರ ಅಂತ ನೆರಳಿನ ಒಳಗೆ ನುಗ್ಗಿದರು. ಚೌಕ ಹಾಯಿ ಮೂರೂ ಸತ್ತವು. ಮತ್ತೆ ಗಾಳಿ ಸಿಗುವಷ್ಟರಲ್ಲಿ ಮಚ್ವೆ ದ್ವೀಪದ ಪಡುವಣಕ್ಕೆ ಬಂದು ಗಾಳಿಗೆ ಓರೆಯಾಗಿ ಮೇಲೇರುತ್ತಿತ್ತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಅದೇ ನನಗೆ ಖುಷಿ ಕೊಟ್ಟದ್ದು. ಗುರಾಬಿನವರು ಅವರನ್ನು ಅಟ್ಟಿಕೊಂಡು ಹೋಗಲಿಲ್ಲ. ನೇರ ಬಂದರಿನ ಬಾಯಿಗೆ ಹೋಗಿ ಹಾಯಿ ಇಳಿಸಿ ನಿಂತರು. ಮಚ್ವೆಯವರ ಹತ್ತಿರ ಪೆಟ್ಟಿಗೆ ಇದೆ, ಮಾರಲು ದಾರಿ ಇಲ್ಲ. ಕೊನೆಗೆ ಅವರು ಇನ್ನೊಂದು ದೂರದ ಬಂದರಿಗೆ, ಕಡಿಮೆ ಬೆಲೆಗೆ ಹೊರಟರು. ಐವರಿಗೆ ಪೆಟ್ಟಿಗೆ ಸಿಗಲಿಲ್ಲ, ಇಬ್ಬರಿಗೆ ಪೂರ್ತಿ ಬೆಲೆ ಸಿಗಲಿಲ್ಲ. ಏಳೂ ಜನ ಆಟ ಮುಗಿದ ಮೇಲೆ ಅದನ್ನೇ ಮಾತಾಡುತ್ತಿದ್ದರು. ಆ ಇಡೀ ಆಟದಲ್ಲಿ ಯಾವ ಹಡಗಿನ ವೇಗವನ್ನೂ ನಾವು ಸಮ ಮಾಡಿರಲಿಲ್ಲ.

ಜನಬಲದ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಗುರಾಬಿನ ಪೂರ್ತಿ ವೇಗ ಐದು ಜನ ಇದ್ದಾಗ ಮಾತ್ರ. ಗಾಳಿ ಹೊರಳಿದಾಗಲೆಲ್ಲ ಹಾಯಿಯ ಕೋನ ಸರಿಮಾಡಬೇಕು. ಮೂವರೇ ಇದ್ದರೆ ಎಲ್ಲ ಹಗ್ಗಕ್ಕೂ ಕೈ ಸಾಲದು, ವೇಗ ತಾನಾಗಿ ಇಳಿಯುತ್ತದೆ. ಇದಕ್ಕೆ ಬೇರೆ ನಿಯಮ ಬರೆಯುವುದೇ ಬೇಡ. ಫಿರಂಗಿಗೆ ಹೋದವರು ಹಗ್ಗಕ್ಕಿಲ್ಲ. ವೇಗ ಬೇಕೋ, ಗುಂಡು ಬೇಕೋ ಅಂತ ನಾಯಕರು ಕೂಗಿ ಹೇಳಬೇಕು. ನಮ್ಮ ಆಟದಲ್ಲಿ ನಾಯಕರನ್ನು ತಂಡೇಲ ಅನ್ನುತ್ತೇವೆ.

ಗಾಳಿಯನ್ನು ತೋರಿಸುವುದು ಹೇಗೆ ಅನ್ನುವುದೂ ವೇಗದ್ದೇ ವಿಷಯ. ಗಾಳಿ ಕಾಣದಿದ್ದರೆ ಈ ಲೆಕ್ಕ ಎಲ್ಲ ದಂಡ. ಆಡುವವರಿಗೆ ಸೋತದ್ದು ಯಾಕೆ ಅಂತ ಗೊತ್ತಾಗುವುದಿಲ್ಲ, ಆಟ ಮೋಸ ಅನ್ನುತ್ತಾರೆ. ಪರದೆಯ ಮೂಲೆಯಲ್ಲಿ ಬಾಣದ ಗುರುತು ಇಡಬಹುದು. ನನಗೆ ಅದು ಇಷ್ಟ ಇಲ್ಲ. ನಡುಹಗಲು ಕಳೆದ ಮೇಲೆ ಬೇಕಲ ಕೋಟೆಯ ಕಡಲ ಬದಿಯ ಕೊತ್ತಲದಲ್ಲಿ ನಿಂತು ನೀರು ನೋಡಿ. ಕಡಲಗಾಳಿ ಏಳುವಾಗ ಮೊದಲು ದೂರದಲ್ಲಿ ನೀರು ಕಪ್ಪಾಗುತ್ತದೆ. ಸಣ್ಣ ಸಣ್ಣ ಸುಕ್ಕು. ಆ ಕಪ್ಪು ಪಟ್ಟೆ ದಡದ ಕಡೆ ನಡೆದುಕೊಂಡು ಬರುತ್ತದೆ. ಅದು ಮುಟ್ಟಿದ ಮೇಲೆ ನಿಮ್ಮ ಮುಖಕ್ಕೆ ಗಾಳಿ ತಾಗುತ್ತದೆ. ಹಾಯಿ ಕಟ್ಟಿ ಮೀನಿಗೆ ಹೋಗುತ್ತಿದ್ದವರು ಇದನ್ನೇ ಓದುತ್ತಿದ್ದರು. ನಸುಕಿನಲ್ಲಿ ನೆಲದ ಕಡೆಯ ಗಾಳಿ ಹಿಡಿದು ಹೊರಗೆ, ಮಧ್ಯಾಹ್ನ ಮೇಲೆ ಕಡಲಗಾಳಿ ಹಿಡಿದು ಒಳಗೆ. ನಮ್ಮ ಆಟದ ನೀರಿನ ಮೇಲೆ ಆ ಕಪ್ಪು ಪಟ್ಟೆ ತರಲು ಚಿತ್ರ ಬರೆಯುವ ಗೆಳತಿ ಬಹಳ ಕಷ್ಟಪಟ್ಟಿದ್ದಾಳೆ. ಈಗ ಪಳಗಿದವರು ಬಾಣ ನೋಡುವುದೇ ಇಲ್ಲ, ನೀರು ನೋಡಿ ಹಾಯಿ ತಿರುಗಿಸುತ್ತಾರೆ. ದಿನದ ಹೊತ್ತಿಗೆ ತಕ್ಕ ಹಾಗೆ ಗಾಳಿ ದಿಕ್ಕು ಬದಲಿಸುವುದೂ ಅಲ್ಲಿಂದಲೇ ಬಂತು. ಇದರಿಂದ ಯಾವ ಹಡಗಿಗೂ ಇಡೀ ದಿನ ಅನುಕೂಲ ಇರುವುದಿಲ್ಲ.

ಇಷ್ಟು ನನ್ನ ಮಾತು. ಈಗ ನಿಮ್ಮ ಪ್ರಶ್ನೆಗಳು.

ಅಕ್ಕಾ, ವೇಗ ಇಷ್ಟು ಸೂಕ್ಷ್ಮ ಅಂದ್ರಲ್ಲ, ಯಾರಾದರೂ ತಮ್ಮ ಕಂಪ್ಯೂಟರಿನಲ್ಲಿ ವೇಗ ತಿದ್ದಿ ಮೋಸ ಮಾಡಿದರೆ?

ಒಳ್ಳೆಯ ಪ್ರಶ್ನೆ. ವೇಗದ ಲೆಕ್ಕ ಆಡುವವರ ಕಂಪ್ಯೂಟರಿಗೆ ಬಿಡಲೇಬಾರದು. ನಿಮ್ಮ ಕಂಪ್ಯೂಟರ್ ಹೇಳುವುದು ಇಷ್ಟೇ, ಚುಕ್ಕಾಣಿ ಇಷ್ಟು ತಿರುಗಿಸಿದೆ, ಹಗ್ಗ ಇಷ್ಟು ಎಳೆದೆ ಅಂತ. ಹಡಗು ಎಲ್ಲಿದೆ, ಎಷ್ಟು ಓಡುತ್ತಿದೆ ಅನ್ನುವುದನ್ನು ಸರ್ವರ್ ತೀರ್ಮಾನಿಸುತ್ತದೆ. ನೆಟ್‌ವರ್ಕ್ ತಡ ಆದಾಗ ಪರದೆಯಲ್ಲಿ ಕಾಣುವ ಜಾಗಕ್ಕೂ ನಿಜದ ಜಾಗಕ್ಕೂ ಸ್ವಲ್ಪ ವ್ಯತ್ಯಾಸ ಬರುತ್ತದೆ. ಸೆಕೆಂಡಿಗೆ 10 ಮೀಟರ್ ಓಡುವ ಹಡಗಿಗೆ 200 ಮಿಲಿಸೆಕೆಂಡ್ ತಡವಾದರೆ 2 ಮೀಟರ್. ಅಟ್ಟಾಟದಲ್ಲಿ ಅದು ಲೆಕ್ಕಕ್ಕಿಲ್ಲ. ಒಂದು ಹಡಗಿನಿಂದ ಇನ್ನೊಂದಕ್ಕೆ ಹಾರುವಾಗ ಮಾತ್ರ 2 ಮೀಟರ್ ಅಂದರೆ ನೀರಿಗೆ ಬಿದ್ದಂತೆ. ಹಡಗು ಹಡಗು ತಾಗುವಷ್ಟು ಹತ್ತಿರ ಬಂದಾಗ ಬೇರೆ ಬಗೆಯ ಲೆಕ್ಕ ಹಾಕುತ್ತೇವೆ. ಹಾರುವವರ ಜಾಗವನ್ನು ಕಡಲಿನ ಮೇಲೆ ಅಳೆಯುವುದಿಲ್ಲ, ಅವರು ನಿಂತ ಹಡಗಿನ ಮೇಲೆ ಅಳೆಯುತ್ತೇವೆ.

ಯಾರ ದೂರು ಕೇಳಿ ವೇಗ ಬದಲಿಸ್ತೀರಿ? ಎಲ್ಲರೂ ತಮ್ಮ ಹಡಗೇ ನಿಧಾನ ಅಂತಾರಲ್ವಾ?

ಹೌದು, ಎಲ್ಲರೂ ಹಾಗೇ ಹೇಳುತ್ತಾರೆ, ಮತ್ತೆ ಅವರು ಹೇಳುವುದು ಅವರ ಅನುಭವದಲ್ಲಿ ನಿಜವೇ. ನಾವು ದೂರು ಓದುತ್ತೇವೆ, ಆಮೇಲೆ ಅಟ್ಟಾಟಗಳ ದಾಖಲೆ ತೆಗೆಯುತ್ತೇವೆ. ಎಷ್ಟು ದೂರದಲ್ಲಿ ಶುರು, ಗಾಳಿ ಯಾವ ಕೋನ, ಎಷ್ಟು ಹೊತ್ತು, ಹೇಗೆ ಮುಗಿಯಿತು. ಯಾರು ಗೆದ್ದರು ಅನ್ನುವುದಕ್ಕಿಂತ ಹೇಗೆ ಮುಗಿಯಿತು ಅನ್ನುವುದನ್ನು ಹೆಚ್ಚು ನೋಡುತ್ತೇನೆ. ಒಬ್ಬರು ಬೇಜಾರಾಗಿ ಬಿಟ್ಟು ಹೋದದ್ದರಿಂದ ಮುಗಿದಿದ್ದರೆ ಅಲ್ಲಿ ಏನೋ ಸರಿ ಇಲ್ಲ. ಬದಲಿಸುವಾಗ ಒಂದು ಸಲಕ್ಕೆ ಒಂದೇ ಬದಲಾವಣೆ. ಬೋರ್ಡಿನ ಮೇಲೆ ಬರೆದ ಆ ಮೂರು ಶೇಕಡಾ ನೆನಪಿದೆಯಲ್ಲ.

ಅಕ್ಕಾ, ನಮ್ಮ ಮನೆ ತಳಂಗರೆ ಹತ್ತಿರ. ಹೊಳೆ ಕಡಲಿಗೆ ಸೇರುವಲ್ಲಿ ಮರಳು ದಿಣ್ಣೆ ಇದೆ, ದೊಡ್ಡ ದೋಣಿ ಎಲ್ಲ ಹೊತ್ತಿಗೂ ಬರೋದಿಲ್ಲ. ನಿಮ್ಮ ಆಟದಲ್ಲಿ ಅಳಿವೆ ಇಲ್ವಾ?

ನೀವು ಕೇಳಿದ್ದು ನನಗೆ ತುಂಬಾ ಸಂತೋಷ ಆಯಿತು. ಕಾಸರಗೋಡು ಜಿಲ್ಲೆಯಲ್ಲಿ 12 ಹೊಳೆಗಳು. ಕಡಲು ಸೇರುವ ಪ್ರತಿ ಬಾಯಿಯಲ್ಲೂ ಒಂದೊಂದು ಅಳಿವೆ. ಮಲಬಾರಿನ ಸಣ್ಣ ದೋಣಿಗಳು ಪೋರ್ಚುಗೀಸರ ಭಾರದ ಹಡಗುಗಳಿಂದ ತಪ್ಪಿಸಿಕೊಳ್ಳುತ್ತಿದ್ದದ್ದು ಹೀಗೇ, ಹೊಳೆಯ ಬಾಯಿಗೆ ನುಗ್ಗಿ. ಅಲ್ಲಿ ವೇಗ ಲೆಕ್ಕಕ್ಕೇ ಇಲ್ಲ, ಆಳ ಮಾತ್ರ ಲೆಕ್ಕ. ಅಳಿವೆಯನ್ನು ಈಗ ಆಟಕ್ಕೆ ಸೇರಿಸುತ್ತಿದ್ದೇವೆ. ಮಚ್ವೆ ಯಾವಾಗಲೂ ಒಳಗೆ ಹೋಗಬಹುದು. ಪತ್ತೆಮಾರಿಗೆ ಭರತದ ಹೊತ್ತಿಗೆ ಮಾತ್ರ. ಗುರಾಬಿಗೆ ಇಲ್ಲ. ಒಳಗೆ ಹೋದವರು ಅಲ್ಲೇ ಕೂತುಬಿಟ್ಟರೆ ಆಟ ನಿಲ್ಲುತ್ತದೆ, ಅದಕ್ಕೆ ಹೊಳೆಯ ಒಳಗೆ ನಿಧಿ ಮಾರುವ ಜಾಗ ಇಟ್ಟಿಲ್ಲ. ಇಳಿತದಲ್ಲಿ ನೀರು ಹೊರಗೆ ಎಳೆಯುತ್ತದೆ, ಆಗ ಹೊರಡುವ ಮಚ್ವೆಗೆ ಸ್ವಲ್ಪ ಹೆಚ್ಚು ವೇಗ ಸಿಗುತ್ತದೆ. ಹೊರಗೆ ಕಾಯುವ ಗುರಾಬಿನವರಿಗೂ ಇಳಿತ ಯಾವಾಗ ಅಂತ ಗೊತ್ತಿರುತ್ತದೆ. ಮುಂದಿನ ಪರೀಕ್ಷೆಯ ಆಟಕ್ಕೆ ನೀವು ಬನ್ನಿ, ಆ ಅಳಿವೆಯ ನಕ್ಷೆಯ ಮುಂದೆ ನಿಮ್ಮನ್ನೇ ಕೂರಿಸುತ್ತೇನೆ. ದಿಣ್ಣೆ ಎಲ್ಲಿ ಬರಬೇಕು, ನೀರು ಎಲ್ಲಿ ಸೆಳೆಯಬೇಕು ಅಂತ ನೀವು ಹೇಳಿ.